ಹುಳಿ, ಕಿಲುಬು ಮತ್ತು ಕಲಾಯಿ: ನಮ್ಮ ಪಾತ್ರೆಯೊಳಗೆ ಲವಣ ಹುಟ್ಟುವ ಬಗೆ



ಕಳೆದ ಬೇಸಿಗೆಯಲ್ಲಿ ನಮ್ಮ ಮಗ ಇಲ್ಲಿನ ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋಗಿ ನಾಲ್ಕು ಡಜನ್ ತಾಮ್ರದ ಲೋಟ ತಂದ. ತಾಂಬಟ್ ಆಳಿ ನಿಮಗೆಲ್ಲ ಗೊತ್ತು. ಪೇಶ್ವೆಯರ ಕಾಲದಿಂದ ತಾಮ್ರ ಬಡಿದು ಹಂಡೆ, ಬಂಬು, ಕೊಡ ಮಾಡುತ್ತಾ ಬಂದವರ ಕೇರಿ ಅದು. ಲೋಟಗಳೂ ಚೆನ್ನಾಗಿದ್ದವು, ಕನ್ನಡಿಯಂತೆ ಹೊಳೆಯುತ್ತಿದ್ದವು. "ಪಪ್ಪಾ, ಇದರಲ್ಲಿ ಸೋಲ್‌ಕಡಿ ಕೊಡೋಣ, ಗಿರಾಕಿಗಳು ಫೋಟೋ ತೆಗೀತಾರೆ" ಎಂದ.

ನಾವು ಲೋಟದ ಒಳಗೆ ಬೆರಳಾಡಿಸಿ ನೋಡಿದೆವು. ಒಳಗೂ ಬರೀ ತಾಮ್ರ. ಕಲಾಯಿ ಇಲ್ಲ, ಸ್ಟೀಲಿನ ಪದರವೂ ಇಲ್ಲ. ನಾಲ್ಕು ಡಜನನ್ನೂ ಕಪಾಟಿಗೆ ಹಾಕಿ ಬೀಗ ಹಾಕಿದೆವು. ಮಗನಿಗೆ ಸಿಟ್ಟು ಬಂತು. ಅವನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು, ನಾವು ಹತ್ತನೇ ಕ್ಲಾಸಿಗೇ ನಿಲ್ಲಿಸಿ ಪುಣೆಯ ಬಸ್ಸು ಹತ್ತಿದವರು. ಆದರೆ ಬೀಗ ಹಾಕಿದ್ದು ಆ ಹತ್ತನೇ ಕ್ಲಾಸಿನ ಒಂದು ಪಾಠದಿಂದ, ಮತ್ತು ಅದನ್ನು ಮರೆತದ್ದಕ್ಕೆ ಒಮ್ಮೆ ನಾವು ತೆತ್ತ ಬೆಲೆಯಿಂದ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಶಾಲೆಯಲ್ಲಿ ಮಾಡಿದ ನೀಲಿ ಹರಳು

ಕಾರ್ಕಳ ಕಡೆಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು ಒಂದು ಪ್ರಯೋಗ ಮಾಡಿ ತೋರಿಸಿದ್ದರು. ನೀರು ಸೇರಿಸಿ ತೆಳ್ಳಗೆ ಮಾಡಿದ ಗಂಧಕಾಮ್ಲವನ್ನು ಗಾಜಿನ ಪಾತ್ರೆಯಲ್ಲಿ ಹದವಾಗಿ ಬಿಸಿ ಮಾಡಿದರು. ಅದಕ್ಕೆ ತಾಮ್ರದ ಆಕ್ಸೈಡ್ ಎಂಬ ಕಪ್ಪು ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಕದಡಿದರು. ಕಪ್ಪು ಪುಡಿ ಮಾಯವಾಯಿತು, ನೀರು ನೀಲಿಯಾಯಿತು. ಇನ್ನಷ್ಟು ಹಾಕಿದರು, ಇನ್ನಷ್ಟು ನೀಲಿ. ಕೊನೆಗೆ ಪುಡಿ ಕರಗದೆ ತಳದಲ್ಲಿ ಉಳಿಯತೊಡಗಿದಾಗ ನಿಲ್ಲಿಸಿದರು. "ಪುಡಿ ಉಳಿಯಿತು ಎಂದರೆ ಆಮ್ಲ ಮುಗಿಯಿತು ಎಂದರ್ಥ" ಎಂದರು. ಉಳಿದ ಪುಡಿಯನ್ನು ಕಾಗದದಲ್ಲಿ ಸೋಸಿ ತೆಗೆದು, ನೀಲಿ ನೀರನ್ನು ಪಿಂಗಾಣಿ ಬಟ್ಟಲಿನಲ್ಲಿ ಅರ್ಧಕ್ಕೆ ಇಳಿಸಿ, ತಣ್ಣಗಾಗಲು ಬಿಟ್ಟರು. ಮರುದಿನ ಬಂದು ನೋಡಿದರೆ ಬಟ್ಟಲು ತುಂಬಾ ಕಲ್ಲುಸಕ್ಕರೆಯಂತಹ ನೀಲಿ ಹರಳು. 8 ಗ್ರಾಂ ಕಪ್ಪು ಪುಡಿಗೆ ಲೆಕ್ಕದ ಪ್ರಕಾರ ಸುಮಾರು 25 ಗ್ರಾಂ ಹರಳು ಬರಬೇಕು. ಹರಳಿನೊಳಗೆ ನೀರೂ ಸೇರಿಕೊಳ್ಳುವುದರಿಂದ ತೂಕ ಹೆಚ್ಚು.

ಹರಳು ನೋಡಿದ ಕೂಡಲೇ ನಾವೆಲ್ಲ ಗುರುತು ಹಿಡಿದೆವು: ಮೈಲುತುತ್ತು! ಅಡಿಕೆ ತೋಟದ ಮಕ್ಕಳಿಗೆ ಅದು ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಫ್ರಾನ್ಸಿನಲ್ಲಿ 1885ರಲ್ಲಿ ದ್ರಾಕ್ಷಿ ಬಳ್ಳಿಗಳಿಗೆಂದು ಬಳಕೆಗೆ ಬಂದ ಈ ಮದ್ದನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಹಚ್ಚಿದರು. ಮದ್ದು ಕಲಸಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಲು ಮನೆಯಲ್ಲಿ ಬಿಡುತ್ತಿರಲಿಲ್ಲ.

ಮಾಸ್ಟ್ರು ಬೋರ್ಡಿನಲ್ಲಿ ಬರೆದದ್ದು ಒಂದೇ ಸಾಲು:

ಆಮ್ಲ + ಲೋಹದ ಆಕ್ಸೈಡ್ = ಲವಣ + ನೀರು.

ಲವಣ ಎಂದರೆ ಅಡುಗೆಯ ಉಪ್ಪು ಮಾತ್ರವಲ್ಲ. ಆಮ್ಲವೂ ಲೋಹದ ಆಕ್ಸೈಡೂ ಕೂಡಿದಾಗ ಹುಟ್ಟುವುದೆಲ್ಲ ಲವಣವೇ. ಮೈಲುತುತ್ತು ತಾಮ್ರದ ಒಂದು ಲವಣ.

ಇನ್ನೊಂದು ಮಾತನ್ನೂ ಅವರು ತೋರಿಸಿದರು. ಹೊಳೆಯುವ ತಾಮ್ರದ ತಂತಿಯನ್ನು ಅದೇ ತೆಳು ಆಮ್ಲಕ್ಕೆ ಹಾಕಿದರೆ ಏನೂ ಆಗಲಿಲ್ಲ. ಅದೇ ತಂತಿಯನ್ನು ಬೆಂಕಿಯಲ್ಲಿ ಕಪ್ಪಾಗುವ ತನಕ ಕಾಯಿಸಿ ಹಾಕಿದರೆ ಕಪ್ಪೆಲ್ಲ ಕರಗಿ ನೀರಿಗೆ ನೀಲಿ ಬಂತು. ಅಂದರೆ ತೆಳು ಆಮ್ಲ ತಾಮ್ರವನ್ನು ನೇರವಾಗಿ ತಿನ್ನುವುದಿಲ್ಲ. ಗಾಳಿ ತಾಗಿ ತಾಮ್ರದ ಮೇಲೆ ಕಟ್ಟಿದ ಆಕ್ಸೈಡನ್ನು ತಿನ್ನುತ್ತದೆ. ಈ ಒಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಅಡುಗೆಮನೆಯಲ್ಲಿ ಇದೇ ಪ್ರಯೋಗ

ಮೋರಿಯಲ್ಲಿ ಹುಡುಗರು ತಾಮ್ರ, ಹಿತ್ತಾಳೆಯ ಪಾತ್ರೆಗೆ ಹುಣಸೆಹುಳಿ, ಉಪ್ಪು ಹಚ್ಚಿ ತಿಕ್ಕುವುದನ್ನು ನೋಡಿದ್ದೀರಿ. ಎರಡು ನಿಮಿಷದಲ್ಲಿ ಕಪ್ಪು ಹೋಗಿ ಕೆಂಪು ಹೊಳಪು ಬರುತ್ತದೆ. ಅದು ಮಾಸ್ಟ್ರ ಪ್ರಯೋಗವೇ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ಪಾತ್ರೆಯ ಮೇಲೆ ಕಪ್ಪು ಆಕ್ಸೈಡ್ ಇದೆ. ಎರಡೂ ಸೇರಿ ತಾಮ್ರದ ಲವಣವಾಗಿ ನೀರಿನಲ್ಲಿ ಹೋಗುತ್ತದೆ, ಅಡಿಯ ಶುದ್ಧ ತಾಮ್ರ ಕಾಣುತ್ತದೆ. ಪಾತ್ರೆಯ ಹೊರಗೆ ನಡೆದರೆ ಅದು ಪಾಲಿಶ್. ಪಾತ್ರೆಯ ಒಳಗೆ, ಸಾರಿನಲ್ಲಿ ನಡೆದರೆ ಅದು ವಿಷ.

ನಮ್ಮ ಅಡುಗೆಯಲ್ಲಿ ಆಮ್ಲಕ್ಕೆ ಬರವಿಲ್ಲ. ಹುಣಸೆಯಲ್ಲಿ ಟಾರ್ಟಾರಿಕ್, ಲಿಂಬೆಯಲ್ಲಿ ಸಿಟ್ರಿಕ್, ಮೊಸರು ಮಜ್ಜಿಗೆಯಲ್ಲಿ ಲ್ಯಾಕ್ಟಿಕ್, ವಿನೆಗರಿನಲ್ಲಿ ಅಸಿಟಿಕ್, ಟೊಮೆಟೊದಲ್ಲಿ ಸಿಟ್ರಿಕ್ ಮತ್ತು ಮ್ಯಾಲಿಕ್. ಸೋಲ್‌ಕಡಿಯ ಕೋಕಂ, ಅಂದರೆ ನಮ್ಮ ಪುನರ್ಪುಳಿಯಲ್ಲಿ, ಹೈಡ್ರಾಕ್ಸಿ ಸಿಟ್ರಿಕ್ ಎಂಬ ಆಮ್ಲ. ಹುಳಿ ಎಷ್ಟು ಜೋರು ಎಂದು ಅಳೆಯಲು ಪಿಎಚ್ ಎಂಬ ಅಳತೆ ಇದೆ. 7 ಎಂದರೆ ಸಮ, ಕೆಳಗೆ ಹೋದಷ್ಟೂ ಹುಳಿ ಹೆಚ್ಚು. ಹಾಲು 6.6ರ ಸುಮಾರು, ಮೊಸರು ಮತ್ತು ಟೊಮೆಟೊ 4.5ರ ಆಸುಪಾಸು, ಲಿಂಬೆರಸ 2ರಿಂದ 2.5. ಅಮೆರಿಕದ ಆಹಾರ ಸಂಹಿತೆಯ ಪ್ರಕಾರ ಪಿಎಚ್ 6ಕ್ಕಿಂತ ಕೆಳಗಿರುವ ಯಾವ ತಿನಿಸಿಗೂ ಬರೀ ತಾಮ್ರ, ಹಿತ್ತಾಳೆ ತಾಗಬಾರದು. ಅಲ್ಲಿ ಲಿಂಬೆ ಹಿಂಡಿದ ಒಂದು ಪಾನೀಯವನ್ನು ತಾಮ್ರದ ಮಗ್ಗಿನಲ್ಲಿ ಕೊಡುವ ಫ್ಯಾಷನ್ ಹಬ್ಬಿದಾಗ, 2017ರಲ್ಲಿ ಅಯೋವಾ ರಾಜ್ಯದವರು ಇದೇ ನಿಯಮವನ್ನು ನೆನಪಿಸಿ ಎಚ್ಚರಿಕೆ ಹೊರಡಿಸಬೇಕಾಯಿತು. ನಮ್ಮ ಮಗನ ಸೋಲ್‌ಕಡಿ ಲೋಟದ ಕತೆಯೂ ಅದೇ.

ನಾವು ಮಾಡಿದ ತಪ್ಪು

1998ರ ಮಾತು. ಹೋಟೆಲಿನ ಜೊತೆಗೆ ಕೇಟರಿಂಗ್ ಶುರು ಮಾಡಿ ಎರಡು ವರ್ಷವಾಗಿತ್ತು. ಒಂದು ಉಪನಯನದ ಆರ್ಡರ್. ಬೆಳಗಿನ ತಿಂಡಿಗೆ ಪುಳಿಯೋಗರೆ ಹೇಳಿದ್ದರು. ಸ್ಟೀಲಿನ ಟೋಪುಗಳೆಲ್ಲ ಬೇರೆ ಅಡುಗೆಗೆ ಹೋಗಿದ್ದವು. ಭಟ್ಟರು ರಾತ್ರಿಯೇ ಗೊಜ್ಜು ಕಾಯಿಸಿ ಒಂದು ಹಳೇ ಹಿತ್ತಾಳೆ ಟೋಪಿನಲ್ಲಿ ಮುಚ್ಚಿಟ್ಟರು. "ಕಲಾಯಿ ಹೋಗಿದೆ ಅಣ್ಣ" ಎಂದು ಅವರು ಹೇಳಿದ್ದು ನಿಜ. "ಒಂದು ರಾತ್ರಿಗೆ ಏನಾಗ್ತದೆ" ಎಂದು ಹೇಳಿದ್ದು ನಾವು.

ಬೆಳಿಗ್ಗೆ ಮೊದಲ ಪಂಕ್ತಿ ಎದ್ದು ಅರ್ಧ ಗಂಟೆಯೊಳಗೆ ಒಬ್ಬೊಬ್ಬರೇ ವಾಂತಿ ಮಾಡಲು ಶುರು ಮಾಡಿದರು. ಹನ್ನೊಂದು ಜನ. ವಟುವಿನ ಅಜ್ಜನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ನಮ್ಮನ್ನು ಕರೆದು, ಯಾವ ಅಡುಗೆ ಎಂದು ಕೇಳುವ ಮೊದಲು ಯಾವ ಪಾತ್ರೆ ಎಂದು ಕೇಳಿದರು. ತಿಂದ ಸ್ವಲ್ಪ ಹೊತ್ತಿಗೇ ವಾಂತಿ, ಬಾಯಲ್ಲಿ ಲೋಹದ ರುಚಿ, ಹೊಟ್ಟೆನುಲಿತ ಇದ್ದರೆ ತಾಮ್ರದ ಲವಣದ ಅನುಮಾನ ಬರುತ್ತದಂತೆ. ಹಳಸಿದ ಅನ್ನದಿಂದ ಬರುವ ತೊಂದರೆಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಾವು ಮರಳಿ ಹೋಗಿ ಟೋಪು ನೋಡಿದೆವು. ಗೊಜ್ಜು ನಿಂತಿದ್ದ ಅಂಚಿನಲ್ಲಿ ಸುತ್ತಲೂ ಹಸಿರು ಗೆರೆ. ಅದೇ ಕಿಲುಬು. ಶಾಲೆಯ ಬಟ್ಟಲು ಥಟ್ಟನೆ ನೆನಪಾಯಿತು. ಅಜ್ಜ ಎರಡು ದಿನದಲ್ಲಿ ಚೇತರಿಸಿಕೊಂಡರು, ದೇವರ ದಯೆ. ಪೂರ್ತಿ ಹಣ ಹಿಂದಿರುಗಿಸಿದೆವು. ಆ ಮನೆಯವರು ಬೈಯಲಿಲ್ಲ, ಮತ್ತೆ ಎಂದೂ ಕರೆಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನಿಸುತ್ತದೆ.

ಒಂದು ರಾತ್ರಿಯಲ್ಲಿ ಏನಾಗುತ್ತದೆ?

ತೆಳು ಆಮ್ಲ ತಾಮ್ರವನ್ನು ನೇರವಾಗಿ ತಿನ್ನುವುದಿಲ್ಲ, ಆಕ್ಸೈಡನ್ನು ತಿನ್ನುತ್ತದೆ ಎಂದೆವಲ್ಲ. ಶಾಲೆಯಲ್ಲಿ ಕಪ್ಪು ಪುಡಿಯನ್ನು ಮಾಸ್ಟ್ರು ಹಾಕುತ್ತಿದ್ದರು. ಟೋಪಿನಲ್ಲಿ ಅದನ್ನು ಗಾಳಿ ಹಾಕುತ್ತಲೇ ಇರುತ್ತದೆ. ಇದ್ದ ಆಕ್ಸೈಡನ್ನು ಹುಳಿ ತಿಂದು ಲವಣ ಮಾಡುತ್ತದೆ. ಬರಿದಾದ ತಾಮ್ರಕ್ಕೆ ಮತ್ತೆ ಗಾಳಿ ತಾಗಿ ಹೊಸ ಆಕ್ಸೈಡ್ ಕಟ್ಟುತ್ತದೆ. ಹುಳಿ ಅದನ್ನೂ ತಿನ್ನುತ್ತದೆ. ಗೊಜ್ಜೂ ಗಾಳಿಯೂ ಕೂಡುವ ಅಂಚಿನಲ್ಲಿ ಈ ಕೆಲಸ ಜೋರು, ಅದಕ್ಕೇ ಹಸಿರು ಗೆರೆ ಅಲ್ಲಿ. ಕುದಿಯುವಾಗ ನೀರಿನೊಳಗಿನ ಗಾಳಿ ಹೊರಗೆ ಹೋಗುತ್ತದೆ, ತಣಿಯುವಾಗ ಮತ್ತೆ ಒಳಗೆ ಸೇರುತ್ತದೆ. ಆದ್ದರಿಂದ ಒಲೆಯ ಮೇಲೆ ಇರುವಾಗಿಗಿಂತ ಇಳಿಸಿ ಇಟ್ಟ ಮೇಲೆ ಅಪಾಯ ಹೆಚ್ಚು.

ತಾಮ್ರ ದೇಹಕ್ಕೆ ಬೇಡವೇ ಬೇಡ ಎಂದಲ್ಲ, ದಿನಕ್ಕೆ ಸುಮಾರು 1 ಮಿಲಿಗ್ರಾಂ ಬೇಕು. ಆದರೆ ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ನೀರಿನ ಮಾನಕ ಐಎಸ್ 10500 ಪ್ರಕಾರ ಬೇರೆ ನೀರೇ ಸಿಗದಿದ್ದರೂ 1.5 ಮೀರಬಾರದು. 2 ಮಿಲಿಗ್ರಾಂ ಎಂದರೆ ಹೆಚ್ಚು ಕಡಿಮೆ ಒಂದು ಸಣ್ಣ ಸಾಸಿವೆ ಕಾಳಿನ ತೂಕ. ಹುಳಿ ಗೊಜ್ಜು ರಾತ್ರಿಯಿಡೀ ಕೂತ ಟೋಪಿನಲ್ಲಿ ಈ ಗಡಿ ದಾಟಲು ಕಷ್ಟವಿಲ್ಲ.

ನಮ್ಮ ಅಜ್ಜಿಯಂದಿರಿಗೆ ಈ ಸಮೀಕರಣ ಗೊತ್ತಿರಲಿಲ್ಲ, ಆದರೆ ಲೆಕ್ಕ ಗೊತ್ತಿತ್ತು. ಉಪ್ಪಿನಕಾಯಿ ಭರಣಿಯಲ್ಲಿ, ಹುಳಿ ಕಲ್ಲಿನ ಮರಿಗೆಯಲ್ಲಿ, ಮೀನಿನ ಸಾರು ಮಣ್ಣಿನ ಅಳಗೆಯಲ್ಲಿ. ತಾಮ್ರದ ಹಂಡೆ ಸ್ನಾನದ ನೀರಿಗೆ.

ಕಲಾಯಿಯೂ ಅದೇ ಪಾಠ

ಈಗ ಸ್ವಾರಸ್ಯದ ವಿಷಯ. ನಮಗೆ ತೊಂದರೆ ಕೊಟ್ಟ ಅದೇ ರಾಸಾಯನಿಕ ಕ್ರಿಯೆ ನಮ್ಮನ್ನು ಕಾಯುವ ಕಲಾಯಿಯಲ್ಲೂ ನಡೆಯುತ್ತದೆ.

ಕಲಾಯಿಗಾರ ಏನು ಮಾಡುತ್ತಾನೆ? ಪಾತ್ರೆಯ ಜಿಡ್ಡನ್ನು ಕಾಸ್ಟಿಕ್ ಸೋಡಾದಿಂದ ತೆಗೆಯುತ್ತಾನೆ, ಮರಳಿನಿಂದ ತಿಕ್ಕುತ್ತಾನೆ, ಕುಲುಮೆಯ ಮೇಲಿಟ್ಟು ಕಾಯಿಸುತ್ತಾನೆ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚುತ್ತಾನೆ. ಬಿಳಿ ಹೊಗೆ ಬುಸ್ ಎಂದು ಏಳುತ್ತದೆ. ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒಂದೇ ಸುತ್ತು ಒರೆಸಿದರೆ ಪಾತ್ರೆಯೊಳಗೆ ಬೆಳ್ಳಿಯಂತಹ ಹೊಳಪು.

ನವಸಾಗರ ಏಕೆ ಬೇಕು? ಕಾದ ತಾಮ್ರದ ಮೇಲೆ ಗಾಳಿ ತಾಗಿ ಕಪ್ಪು ಆಕ್ಸೈಡ್ ಕಟ್ಟುತ್ತದೆ. ಆಕ್ಸೈಡಿನ ಮೇಲೆ ತವರ ಹಿಡಿಯುವುದಿಲ್ಲ. ನವಸಾಗರ ಕಾದಾಗ ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗುತ್ತದೆ. ಆ ಆಮ್ಲ ಆಕ್ಸೈಡಿನ ಜೊತೆ ಸೇರಿ ತಾಮ್ರದ ಕ್ಲೋರೈಡ್ ಎಂಬ ಲವಣವೂ ನೀರೂ ಆಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣವನ್ನು ಹತ್ತಿ ಒರೆಸುತ್ತದೆ, ಶುದ್ಧ ತಾಮ್ರದ ಮೇಲೆ ತವರ ಗಟ್ಟಿಯಾಗಿ ಕೂರುತ್ತದೆ. ಆಮ್ಲ, ಆಕ್ಸೈಡ್, ಲವಣ, ನೀರು. ಬೋರ್ಡಿನ ಅದೇ ಸಾಲು. ಕೆಲಸ ಮುಗಿದ ಮೇಲೆ ಪಾತ್ರೆಯನ್ನು ಚೆನ್ನಾಗಿ ತೊಳೆಯಲೇಬೇಕು ಎನ್ನುವುದು ಇದಕ್ಕೇ, ಆ ಲವಣ ಒಳಗೆ ಉಳಿಯಬಾರದು.

ಕಾನೂನೂ ಇದನ್ನು ಬಿಟ್ಟಿಲ್ಲ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಮಾಡಿದ, ಇಟ್ಟ ಆಹಾರವನ್ನು ತಿನ್ನಲು ಯೋಗ್ಯವಲ್ಲದ್ದೆಂದೇ 1955ರ ಆಹಾರ ಕಲಬೆರಕೆ ತಡೆ ನಿಯಮಗಳು ಎಣಿಸಿದ್ದವು. ಸಕ್ಕರೆಯ ಮಿಠಾಯಿಗೆ ಬರೀ ತಾಮ್ರಕ್ಕೆ ರಿಯಾಯಿತಿ ಇತ್ತು. 2006ರ ಹೊಸ ಕಾಯ್ದೆ ಬಂದು 2011ರಲ್ಲಿ ನಿಯಮಗಳಾದಾಗಲೂ ಅದೇ ಮಾತು ಮುಂದುವರಿಯಿತು.

ಕಲಾಯಿ ಮಾಡಿಸುವಾಗ ನೋಡಬೇಕಾದದ್ದು

ಒಂದು, ತವರ ಶುದ್ಧವಾಗಿರಬೇಕು. ಅಗ್ಗಕ್ಕೆಂದು ಸೀಸ ಬೆರೆಸಿದ ಬೆಸುಗೆಯ ಕಡ್ಡಿಯಿಂದ ಕಲಾಯಿ ಹಾಕಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಸೀಸದ ಆಕ್ಸೈಡ್ ಹುಳಿಗೆ ಕರಗಿ ಸೀಸದ ಲವಣವಾಗುತ್ತದೆ. ವಿನೆಗರಿನ ಆಮ್ಲದೊಂದಿಗೆ ಸೇರಿದ ಸೀಸದ ಲವಣ ರುಚಿಗೆ ಸಿಹಿ, ಆದ್ದರಿಂದ ನಾಲಿಗೆಗೂ ಗೊತ್ತಾಗುವುದಿಲ್ಲ. ತಾಮ್ರ ವಾಂತಿ ಮಾಡಿಸಿ ಎಚ್ಚರಿಸುತ್ತದೆ, ಸೀಸ ಸದ್ದಿಲ್ಲದೆ ದೇಹದಲ್ಲಿ ಸೇರುತ್ತಾ ಹೋಗುತ್ತದೆ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕಿರ್ ಎಂದು ಸದ್ದು ಬರುತ್ತದೆ. ಸೀಸ ಹೆಚ್ಚಿರುವ ಕಡ್ಡಿಯನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ಪೆನ್ಸಿಲಿನಂತೆ ಬೂದು ಗೆರೆ ಬೀಳುತ್ತದೆ. ಸಾಧ್ಯವಾದರೆ ತವರವನ್ನು ನೀವೇ ಬಿಲ್ಲು ಸಮೇತ ತಂದುಕೊಡಿ.

ಎರಡು, ತವರ ಕರಗುವುದು 232 ಡಿಗ್ರಿಗೆ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಟ್ಟರೆ ಕೆಲವೇ ನಿಮಿಷದಲ್ಲಿ ಆ ಬಿಸಿ ತಲುಪುತ್ತದೆ. ಮೊದಲು ನೀರೋ ಹಾಲೋ ಹಾಕಿ, ಆಮೇಲೆ ಬೆಂಕಿ ಹಚ್ಚಿ. ಕರಿಯುವ ಕೆಲಸಕ್ಕೆ ಅದು ಬೇಡ.

ಮೂರು, ತಂತಿಯ ಬ್ರಷ್ಷು, ಮರಳು ಒಳಗೆ ಹಾಕಿ ತಿಕ್ಕಬೇಡಿ. ಒಳಗೆ ಕೆಂಪು ಅಥವಾ ಹಳದಿ ಚುಕ್ಕೆ ಕಂಡ ದಿನವೇ ಆ ಪಾತ್ರೆಯನ್ನು ಅಡುಗೆಯಿಂದ ಹೊರಗಿಡಿ. ತಿಂಗಳ ಲೆಕ್ಕ ನೋಡಬೇಡಿ, ಚುಕ್ಕೆ ನೋಡಿ.

ಮೊಳೆಯ ಪರೀಕ್ಷೆ

ಒಂದು ಹಳೇ ಉಪಾಯವಿದೆ. ಕಬ್ಬಿಣದ ಮೊಳೆಯನ್ನು ಉಜ್ಜುಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಅನುಮಾನ ಬಂದ ಹುಳಿಯಲ್ಲಿ ಒಂದೆರಡು ಗಂಟೆ ಇಡಿ. ತಾಮ್ರದ ಲವಣ ಸಾಕಷ್ಟಿದ್ದರೆ ಮೊಳೆಯ ಮೇಲೆ ಕೆಂಪು ತಾಮ್ರ ಹತ್ತುತ್ತದೆ. ಕೆಂಪು ಕಂಡರೆ ಚೆಲ್ಲಿಬಿಡಿ, ನೆಕ್ಕಿ ನೋಡಬೇಡಿ. ಆದರೆ ಕೆಂಪು ಕಾಣಲಿಲ್ಲ ಎಂದು ಬಡಿಸುವುದೂ ತಪ್ಪು, ಸ್ವಲ್ಪವೇ ಇದ್ದರೆ ಮೊಳೆ ತೋರಿಸದು. ಇದು ಕೆಲಸದ ಹುಡುಗರಿಗೆ ಕಣ್ಣಾರೆ ತೋರಿಸಿ ನಂಬಿಸಲು ಒಳ್ಳೆಯದು. ಬಿಸಿ ಮಾಡಿ ಕಪ್ಪಾಗಿಸಿದ ತಾಮ್ರದ ತಂತಿಯನ್ನು ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ಇಟ್ಟರೆ ನೀಲಿ ಹಸಿರು ನೀರು ಸಿಗುತ್ತದೆ. ಮೊಳೆಯನ್ನು ಅದರಲ್ಲಿ ಅದ್ದಿ ತೋರಿಸಿ. ನಮ್ಮಲ್ಲಿ ಹೊಸ ಹುಡುಗ ಸೇರಿದಾಗಲೆಲ್ಲ ಇದನ್ನು ಮಾಡಿ ತೋರಿಸುತ್ತೇವೆ. ಆ ನೀರನ್ನು ಅಡುಗೆಯ ಹತ್ತಿರ ಇಡಬೇಡಿ, ಗಾಜಿನ ಲೋಟವನ್ನೂ ಮತ್ತೆ ಕುಡಿಯಲು ಬಳಸಬೇಡಿ.

ಬೇರೆ ಲೋಹಗಳ ಮಾತು

ಸತುವಿನ ಲೇಪವಿರುವ ಬಾಲ್ದಿ, ಡ್ರಮ್ಮುಗಳಲ್ಲಿ ಮದುವೆಯ ಲಿಂಬೆ ಶರಬತ್ತು ಕಲಸುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬಿಡಿ. ಸತುವಿನ ಲವಣವೂ ವಾಂತಿ ಮಾಡಿಸುತ್ತದೆ. ಅಲ್ಯೂಮಿನಿಯಂ ಟೋಪನ್ನು ಕಾಯುವುದು ಅದರ ಮೇಲಿನ ತೆಳು ಆಕ್ಸೈಡ್ ಪದರವೇ. ಹುಳಿಯೂ ಅದನ್ನು ಕರಗಿಸುತ್ತದೆ, ಸೋಡಾವೂ ಕರಗಿಸುತ್ತದೆ. ಆದ್ದರಿಂದ ಅದರಲ್ಲಿ ಸಾಂಬಾರು ಕುದಿಸಿದರೂ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ. ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಪದರವಿದೆ. ಅಡುಗೆಯ ಹುಳಿ ಅದನ್ನು ಕರಗಿಸಲಾರದು. ನಮ್ಮ ದಂಧೆ ಸ್ಟೀಲಿಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ಇದೇ ಪಾಠದಿಂದ ಲಾಭವೂ ಇದೆ. ತುಕ್ಕು ಎಂದರೆ ಕಬ್ಬಿಣದ ಆಕ್ಸೈಡ್. ಸಿಟ್ರಿಕ್ ಆಮ್ಲದ ಬಿಸಿ ನೀರಿನಲ್ಲಿ ನೆನೆಸಿದರೆ ಅದು ಲವಣವಾಗಿ ಬಿಟ್ಟುಬರುತ್ತದೆ. ಬಾಯ್ಲರಿನ ಬಿಳಿ ಕಟ್ಟು ಆಕ್ಸೈಡ್ ಅಲ್ಲ, ಹೆಚ್ಚಾಗಿ ಸುಣ್ಣದ ಕಾರ್ಬೊನೇಟ್. ಅದಕ್ಕೆ ಆಮ್ಲ ಬಿದ್ದರೆ ಲವಣ, ನೀರಿನ ಜೊತೆ ಗಾಳಿಗುಳ್ಳೆಯೂ ಬರುತ್ತದೆ, ಅದರಿಂದ ಗುರುತು ಹಿಡಿಯಬಹುದು. ಎರಡೂ ಕೆಲಸದ ನಂತರ ಎರಡು ಸಲ ಚೆನ್ನಾಗಿ ತೊಳೆಯಿರಿ. ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಕೊನೆಯ ಮಾತು

ಮಗನಿಗೆ ವಿನೆಗರಿನ ಪ್ರಯೋಗ ಮಾಡಿ ತೋರಿಸಿದೆವು. ಬೆಳಿಗ್ಗೆ ನೀಲಿ ನೀರು ನೋಡಿ ಸುಮ್ಮನಾದ. ಆಮೇಲೆ 1998ರ ಕತೆಯನ್ನೂ ಹೇಳಿದೆವು. ಅಲ್ಲಿಯ ತನಕ ಮನೆಯಲ್ಲಿ ಹೇಳಿರಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಭಟ್ರು ಹೇಳಿದ್ರಲ್ಲ, ನೀವ್ಯಾಕೆ ಕೇಳ್ಲಿಲ್ಲ?" ನಮ್ಮಲ್ಲಿ ಉತ್ತರ ಇರಲಿಲ್ಲ.

ಈಗ ನಮ್ಮಲ್ಲಿ ಸೋಲ್‌ಕಡಿ, ಮಜ್ಜಿಗೆ ಗಾಜಿನ ಲೋಟದಲ್ಲಿ. ತಾಮ್ರದ ಲೋಟದಲ್ಲಿ ಕುಡಿಯುವ ನೀರು ಮಾತ್ರ, ಲಿಂಬೆಯ ತುಂಡೂ ಹಾಕುವುದಿಲ್ಲ. ಪಲ್ಯ, ದಾಲ್ ಬಡಿಸಲು ಹೊರಗೆ ತಾಮ್ರ, ಒಳಗೆ ಸ್ಟೀಲ್ ಇರುವ ಬಟ್ಟಲು ತಂದಿದ್ದೇವೆ. ಅಂದಕ್ಕೂ ಕೊರತೆ ಇಲ್ಲ, ಭಯವೂ ಇಲ್ಲ. ಇನ್ನೊಂದು ನಿಯಮವೂ ಆಗಿದೆ: ಪಾತ್ರೆ ಸರಿ ಇಲ್ಲ ಎಂದು ಮೋರಿಯ ಹುಡುಗ ಹೇಳಿದರೂ ಆ ಪಾತ್ರೆ ಆ ದಿನ ಒಲೆಗೆ ಏರುವುದಿಲ್ಲ.

ತಾವೂ ಇಂದು ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಒಮ್ಮೆ ಅಡುಗೆಮನೆಗೆ ಹೋಗಿ, ಹುಳಿ ಯಾವ ಪಾತ್ರೆಯಲ್ಲಿ ಕೂತಿದೆ ಎಂದು ಮುಚ್ಚಳ ತೆಗೆದು ನೋಡಿ ಎಂದು ವಿನಂತಿಸಿ ಮುಗಿಸುತ್ತೇವೆ.